ಹಳೆಯ ಸ್ಪೋರ್ಟ್ಸ್ ಕಾರಿಗೆ ದೊಡ್ಡ ಎಂಜಿನ್ನೋ ಚಿಕ್ಕ ಎಂಜಿನ್ನೋ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಸಿ ಜಾಸ್ತಿ ಇದ್ದಷ್ಟೂ ಗಾಡಿ ಜೋರು ಅಲ್ಲವೇ?

ಎಳೆತ ಜಾಸ್ತಿ ಅನ್ನುವುದು ನಿಜ, ಜೋರು ಅನ್ನುವುದು ಬೇರೆ ಮಾತು. ಒಂದೇ ಕಾಲದ, ಒಂದೇ ದರ್ಜೆಯ ಎಂಜಿನ್‌ಗಳಲ್ಲಿ ಟಾರ್ಕ್, ಅಂದರೆ ಎಂಜಿನ್ ತಿರುಚುವ ಬಲ, ಹೆಚ್ಚುಕಡಿಮೆ ಸಿಸಿಗೆ ತಕ್ಕಂತೆ ಏರುತ್ತದೆ. ಅಶ್ವಶಕ್ತಿ ಹಾಗಲ್ಲ, ಅದು ಟಾರ್ಕನ್ನು ಎಂಜಿನ್ ಸುತ್ತುವ ವೇಗದಿಂದ ಗುಣಿಸಿ ಬರುವ ಲೆಕ್ಕ. ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಹಾಗಾಗಿ ಚಿಕ್ಕ ಎಂಜಿನ್ ಹೆಚ್ಚು ಸುತ್ತಿ ಅದೇ ಶಕ್ತಿ ಕೊಡಬಹುದು, ಆದರೆ ಅದನ್ನು ಪಡೆಯಲು ನೀವು ಗೇರ್ ಲಿವರ್‌ಗೆ ಕೆಲಸ ಕೊಡಬೇಕು.

ಸಿಸಿ ಒಂದೇ ಇದ್ದರೂ ಶಕ್ತಿ ಒಂದೇ ಇರಬೇಕೆಂದಿಲ್ಲ. ಟ್ರಯಂಫ್ ಟಿಆರ್6 ಎಲ್ಲ ಕಡೆಯೂ 2498 ಸಿಸಿಯದೇ. ಬ್ರಿಟನ್ನಿನಲ್ಲಿ ಮಾರಿದ ಮೊದಲ ಗಾಡಿಗಳಿಗೆ ಲ್ಯೂಕಾಸ್ ಪೆಟ್ರೋಲ್ ಇಂಜೆಕ್ಷನ್ ಇತ್ತು, ಕಂಪನಿ ಹೇಳಿದ್ದು 150 ಅಶ್ವಶಕ್ತಿ. ಅಮೆರಿಕಕ್ಕೆ ಹೋದವಕ್ಕೆ ಕಾರ್ಬ್ಯುರೇಟರ್, ಸುಮಾರು 105. ಬಾನೆಟ್ ಎತ್ತಿ ನೋಡದೆ ಬರೀ ಸಿಸಿ ಕೇಳಿ ತೀರ್ಮಾನಿಸಬೇಡಿ.

ಹಳೆಯ ಬ್ರೋಷರ್‌ಗಳಲ್ಲಿರುವ ಅಶ್ವಶಕ್ತಿಯನ್ನು ನಂಬಬಹುದೇ?

ಒಂದೇ ಅಳತೆಗೋಲಿನವಾದರೆ ಮಾತ್ರ. ಅಮೆರಿಕದ ಕಂಪನಿಗಳು 1971ರವರೆಗೆ ಗ್ರಾಸ್ ಅಂಕಿ ಕೊಡುತ್ತಿದ್ದವು. ಅಂದರೆ ಏರ್ ಫಿಲ್ಟರ್, ಸೈಲೆನ್ಸರ್, ಫ್ಯಾನ್ ಏನೂ ಇಲ್ಲದೆ ಎಂಜಿನ್ನನ್ನು ಟೆಸ್ಟ್ ಬೆಂಚಿನ ಮೇಲಿಟ್ಟು ಅಳೆದದ್ದು. 1972ರಿಂದ ನೆಟ್ ಅಂಕಿ ಬಂತು, ಅಂದರೆ ಅವನ್ನೆಲ್ಲ ಜೋಡಿಸಿ ಅಳೆದದ್ದು. ಕಾರ್ವೆಟ್‌ನ 5.7 ಲೀಟರ್ ಎಲ್‌ಟಿ-1 ಎಂಜಿನ್ 1971ರಲ್ಲಿ 330 ಇದ್ದದ್ದು 1972ರಲ್ಲಿ 255 ಆಯಿತು, ಎಂಜಿನ್ ಹೆಚ್ಚುಕಡಿಮೆ ಅದೇ. ಬ್ರಿಟಿಷ್ ಗಾಡಿಗಳಲ್ಲೂ ಇದೇ ಗೊಂದಲ. ಜಾಗ್ವಾರ್ ಇ-ಟೈಪ್‌ನ 265 ಗ್ರಾಸ್ ಲೆಕ್ಕ. ಅದನ್ನು ನೆಟ್ ರೀತಿಯಲ್ಲೇ ಅಳೆಯುವ ಜರ್ಮನ್ ಡಿಐಎನ್ ಮಾನಕದ ಅಂಕಿಯ ಪಕ್ಕ ಇಟ್ಟು ಹೋಲಿಸಿದರೆ ಎರಡು ಬೇರೆ ತಕ್ಕಡಿಯಲ್ಲಿ ತೂಗಿದಂತೆ.

ದೊಡ್ಡ ಎಂಜಿನ್ ಹಾಕಿದರೆ ಹ್ಯಾಂಡ್ಲಿಂಗ್ ಕೆಡುತ್ತದೆ ಅನ್ನುತ್ತಾರೆ. ನಿಜವೇ?

ಕೆಡಿಸುವುದು ಸಿಸಿ ಅಲ್ಲ, ಮುಂದಿನ ಆಕ್ಸಲ್ ಮೇಲೆ ಕೂರುವ ಕಬ್ಬಿಣ. ಇದಕ್ಕೆ ಎಂಜಿ ಕಂಪನಿಯ ಮೂರು ಗಾಡಿಗಳಿಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಎಂಜಿಬಿಗೆ 1798 ಸಿಸಿಯ ನಾಲ್ಕು ಸಿಲಿಂಡರ್. 1967ರಲ್ಲಿ ಅದೇ ಬಾಡಿಗೆ 2912 ಸಿಸಿಯ ಆರು ಸಿಲಿಂಡರ್ ತುರುಕಿ ಎಂಜಿಸಿ ಅಂತ ಬಿಟ್ಟರು. ಎಂಜಿನ್ ಸುಮಾರು 95 ಕೆ.ಜಿ. ಹೆಚ್ಚು ಭಾರ, ಮೇಲಾಗಿ ಉದ್ದ. ಮಾಮೂಲಿ ಫ್ರಂಟ್ ಕ್ರಾಸ್‌ಮೆಂಬರ್ ಹಿಡಿಸದೆ ಟಾರ್ಷನ್ ಬಾರ್ ಸಸ್ಪೆನ್ಷನ್ ಹಾಕಬೇಕಾಯಿತು, ಚಕ್ರ 14ರ ಬದಲು 15 ಇಂಚು ಆಯಿತು. ತಿರುವಿನಲ್ಲಿ ಮೂಗು ಹೊರಕ್ಕೆ ಎಳೆಯುತ್ತದೆ ಅಂತ ಪತ್ರಿಕೆಗಳು ಬೈದವು. 1969ಕ್ಕೇ ಅದರ ತಯಾರಿಕೆ ನಿಂತಿತು.

1973ರಲ್ಲಿ ಬಂದ ಎಂಜಿಬಿ ಜಿಟಿ ವಿ8ರದ್ದು ಇನ್ನೂ ದೊಡ್ಡ ಎಂಜಿನ್, 3528 ಸಿಸಿ. ಆದರೆ ಅದು ರೋವರ್‌ನ ಅಲ್ಯೂಮಿನಿಯಂ ವಿ8, ಕಬ್ಬಿಣದ ನಾಲ್ಕು ಸಿಲಿಂಡರ್ ಎಂಜಿನ್ನಿಗಿಂತ ಭಾರವೇನೂ ಅಲ್ಲ, ಉದ್ದವೂ ಕಡಿಮೆ. ಹಾಗಾಗಿ ತೂಕದ ಹಂಚಿಕೆ ಕದಲಲಿಲ್ಲ. ಹ್ಯಾಂಡ್ಲಿಂಗ್ ಕೆಟ್ಟದ್ದು 2.9 ಲೀಟರ್ ಗಾಡಿಯಲ್ಲೇ ಹೊರತು 3.5 ಲೀಟರ್ ಗಾಡಿಯಲ್ಲಲ್ಲ.

ಇಷ್ಟು ಹೇಳಿದ ಮೇಲೆ ಎಂಜಿಸಿಯ ಪರವಾಗಿ ಒಂದು ಮಾತು. ಮುಂದಿನ ಟೈರಿನ ಗಾಳಿ ಸರಿಯಾಗಿಟ್ಟು, ಒಳ್ಳೆಯ ರೇಡಿಯಲ್ ಟೈರ್ ಹಾಕಿ, ಸವೆದ ಬುಶ್‌ಗಳನ್ನು ಬದಲಿಸಿದರೆ ಅದು ಹೆಸರು ಕೆಟ್ಟಷ್ಟು ಕೆಟ್ಟ ಗಾಡಿಯಲ್ಲ. ಉದ್ದದ ರಸ್ತೆಗೆ ಚೆಂದ, ಸಾಲು ಸಾಲು ತಿರುವುಗಳ ಘಾಟಿಗೆ ಅಷ್ಟಕ್ಕಷ್ಟೇ.

ಚಿಕ್ಕ ಎಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ಓಡಿದರೆ ಬೇಗ ಸವೆಯುವುದಿಲ್ಲವೇ?

ಆರ್‌ಪಿಎಂ ಮೀಟರಿನ ಮುಳ್ಳು ನೋಡಿ ಹೆದರುವ ಬದಲು ಪಿಸ್ಟನ್ ವೇಗ ಲೆಕ್ಕ ಹಾಕಿ. ಸ್ಟ್ರೋಕನ್ನು, ಅಂದರೆ ಪಿಸ್ಟನ್ ಮೇಲಿನಿಂದ ಕೆಳಕ್ಕೆ ಓಡುವ ದೂರವನ್ನು, ಮೀಟರಿನಲ್ಲಿ ತೆಗೆದುಕೊಂಡು ಎರಡರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿ. ಅಲ್ಫಾ ರೋಮಿಯೋದ 1300 ಜೂನಿಯರ್ ಎಂಜಿನ್ನಿನ ಸ್ಟ್ರೋಕ್ 75 ಮಿ.ಮೀ. 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸರಾಸರಿ 15 ಮೀಟರ್. ಅದೇ ಕುಟುಂಬದ 2000ದ ಸ್ಟ್ರೋಕ್ 88.5 ಮಿ.ಮೀ. 6000ದಲ್ಲಿ 17.7 ಮೀಟರ್. ಜಾಗ್ವಾರ್ ಎಕ್ಸ್‌ಕೆ ಆರು ಸಿಲಿಂಡರಿನ ಸ್ಟ್ರೋಕ್ 106 ಮಿ.ಮೀ. ಅದು 5500ರಲ್ಲೇ 19.4 ಮೀಟರ್ ಮುಟ್ಟುತ್ತದೆ. ಕಿರುಚುತ್ತಿರುವಂತೆ ಕೇಳುವ 1300 ಎಂಜಿನ್, ಗಂಭೀರವಾಗಿ ಗುನುಗುವ ಜಾಗ್ವಾರ್‌ಗಿಂತ ಕಡಿಮೆ ಒತ್ತಡದಲ್ಲಿರಬಹುದು.

ಚಿಕ್ಕ ಎಂಜಿನ್ನನ್ನು ನಿಜಕ್ಕೂ ಕೊಲ್ಲುವುದು ಬೇರೆಯೇ: ತಣ್ಣಗಿರುವಾಗ ರೇಸ್ ಮಾಡುವುದು, ಮತ್ತು 1500 ಆರ್‌ಪಿಎಂನಲ್ಲಿ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿ ಹಿಡಿಯುವುದು. ಎರಡನೆಯದರಲ್ಲಿ ಬೇರಿಂಗ್ ಮೇಲಿನ ಎಣ್ಣೆಪದರ ತೆಳುವಾಗಿರುವಾಗಲೇ ಪೂರ್ತಿ ಹೊಡೆತ ಬೀಳುತ್ತದೆ. ನೀರಿನ ಉಷ್ಣತೆ ಸರಿಗೆ ಬಂದ ಮೇಲೂ ಎಣ್ಣೆ ಬಿಸಿಯಾಗಲು ಇನ್ನೂ ಹತ್ತು ನಿಮಿಷ ಬೇಕು. ಅಲ್ಲಿಯವರೆಗೆ 3000 ದಾಟಬೇಡಿ.

ಒಂದೇ ಮಾಡೆಲ್‌ನಲ್ಲಿ ಎರಡು ಅಳತೆ ಇದ್ದರೆ, ಉದಾಹರಣೆಗೆ ಇ-ಟೈಪ್ 3.8 ಮತ್ತು 4.2, ಯಾವುದು?

ಎರಡಕ್ಕೂ ಕಂಪನಿ ಹೇಳಿದ್ದು ಅದೇ 265 ಅಶ್ವಶಕ್ತಿ. ಬೋರ್ (ಸಿಲಿಂಡರಿನ ವ್ಯಾಸ) 87ರಿಂದ 92 ಮಿ.ಮೀ.ಗೆ ಏರಿ, 3781 ಸಿಸಿ 4235 ಆಗಿ, ಹೆಚ್ಚಿದ್ದು ಟಾರ್ಕ್: 260 ಪೌಂಡ್-ಅಡಿ ಇದ್ದದ್ದು 283. 3.8 ಮೇಲಕ್ಕೆ ಸುತ್ತಲು ಹೆಚ್ಚು ಉತ್ಸಾಹ ತೋರಿಸುತ್ತದೆ, 4.2 ಕೆಳಗಿನಿಂದಲೇ ಎಳೆಯುತ್ತದೆ.

ಆದರೆ ಇಲ್ಲಿ ಎಂಜಿನ್ ಅಷ್ಟು ಮುಖ್ಯವಲ್ಲ. 1964ರಲ್ಲಿ 4.2ರ ಜೊತೆಗೆ ಹೊಸ ಗೇರ್‌ಬಾಕ್ಸ್ ಬಂತು, ನಾಲ್ಕೂ ಗೇರಿಗೆ ಸಿಂಕ್ರೋಮೆಶ್, ಅಂದರೆ ಗೇರ್ ಕಿರುಗುಟ್ಟದೆ ಬೀಳುವ ವ್ಯವಸ್ಥೆ. 3.8ರ ಮಾಸ್ ಕಂಪನಿಯ ಗೇರ್‌ಬಾಕ್ಸಿನಲ್ಲಿ ಫಸ್ಟ್ ಗೇರಿಗೆ ಸಿಂಕ್ರೋ ಇಲ್ಲ, ಬೇರೆ ಗೇರ್‌ಗಳೂ ನಿಧಾನ. ಸೀಟು, ಬ್ರೇಕ್ ಸರ್ವೋ ಕೂಡ ಆಗಲೇ ಸುಧಾರಿಸಿದವು. ದಿನನಿತ್ಯ ಓಡಿಸುವ ಆಸೆಯಿದ್ದರೆ 4.2. ಮೊದಲ ಇ-ಟೈಪ್ ಹೇಗಿತ್ತೋ ಹಾಗೇ ಬೇಕು ಅನ್ನುವವರಿಗೆ 3.8.

ವಿ12 ಇ-ಟೈಪ್ ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬಹುದು, ಆದರೆ ಅದು ಬೇರೆ ಗಾಡಿ ಅಂತ ತಿಳಿದು ತೆಗೆದುಕೊಳ್ಳಿ. 1971ರಲ್ಲಿ ಬಂದ ಮೂರನೇ ಸರಣಿಯ 5343 ಸಿಸಿ ಎಂಜಿನ್ನಿನ ಬ್ಲಾಕೂ ಅಲ್ಯೂಮಿನಿಯಂ, ಆದ್ದರಿಂದ ಮುಂಭಾರ ಜನ ಅಂದುಕೊಂಡಷ್ಟು ಹೆಚ್ಚಲ್ಲ. ಓಪನ್ ಗಾಡಿಗೂ 2+2ರ (ಹಿಂದೆ ಎರಡು ಚಿಕ್ಕ ಸೀಟಿರುವ ಗಾಡಿ) ಉದ್ದನೆಯ ವೀಲ್‌ಬೇಸ್, ಪವರ್ ಸ್ಟೀರಿಂಗ್. ನಯವಾದ ದೂರಪ್ರಯಾಣದ ಗಾಡಿ ಅದು.

ಲೆಕ್ಕ ಮಾತ್ರ ಮೊದಲೇ ಹಾಕಿ. ಹನ್ನೆರಡು ಪಿಸ್ಟನ್, 24 ವಾಲ್ವ್, 12 ಪ್ಲಗ್, ನಾಲ್ಕು ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್. ಓವರ್‌ಹಾಲ್ ಬಂದರೆ ಪ್ರತಿಯೊಂದೂ ಎರಡರಷ್ಟು. ಇದರ ದೊಡ್ಡ ಶತ್ರು ಹಳೆಯ ಕೂಲೆಂಟ್. ಹೆಡ್‌ನ ಉಕ್ಕಿನ ಸ್ಟಡ್‌ಗಳು ಅಲ್ಯೂಮಿನಿಯಂನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡರೆ ಹೆಡ್ ಎತ್ತುವುದೇ ದಿನಗಟ್ಟಲೆ ಕೆಲಸ. ಎರಡು ವರ್ಷಕ್ಕೊಮ್ಮೆ ಕೂಲೆಂಟ್ ಬದಲಿಸಿದ ದಾಖಲೆ ಇಲ್ಲದ ವಿ12ಕ್ಕೆ, ಹೆಡ್ ಎಂದೂ ಬಿಚ್ಚಿಲ್ಲ ಅನ್ನುವುದು ಹೊಗಳಿಕೆಯಲ್ಲ.

ಪೋರ್ಷ 912 ಬಡವರ 911 ಅಷ್ಟೆಯೇ?

ಹಾಗೆ ಹೇಳುವವರು ಎರಡನ್ನೂ ತಿರುವಿನಲ್ಲಿ ಓಡಿಸಿರಲಾರರು. ಮೊದಲ 911ರದ್ದು 2 ಲೀಟರ್, ಆರು ಸಿಲಿಂಡರ್, 130 ಅಶ್ವಶಕ್ತಿ. 912ರದ್ದು 1.6 ಲೀಟರ್, ನಾಲ್ಕು ಸಿಲಿಂಡರ್, 90. ಆದರೆ ಈ ಗಾಡಿಗಳಲ್ಲಿ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ನೇತಾಡುತ್ತದೆ. ಅಲ್ಲಿ ತೂಕ ಇಳಿದರೆ ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ಟಾಗ ಬಾಲ ಬೀಸುವ ಚಾಳಿಯೂ ಇಳಿಯುತ್ತದೆ. 912 ಅಪ್ಪಟ ಸಮಾಧಾನದ ಗಾಡಿ. ನೇರ ರಸ್ತೆಯಲ್ಲಿ ಮಾತ್ರ 911ರ ಹತ್ತಿರ ಬರುವುದಿಲ್ಲ. ಬಿಡಿಭಾಗಗಳ ದರದಲ್ಲಿ 912ರ ಎಂಜಿನ್ ಅಗ್ಗ ಅಂದುಕೊಳ್ಳಬೇಡಿ. ಅದು ಪೋರ್ಷದ ಹಿಂದಿನ ಗಾಡಿ 356ರ ವಂಶದ್ದು, ಫೋಕ್ಸ್‌ವ್ಯಾಗನ್ ಬೀಟಲ್‌ನದ್ದಲ್ಲ.

911ರೊಳಗೇ ಆರಿಸುವುದಾದರೆ ಎಚ್ಚರಿಕೆ ಬೇಕಾದದ್ದು 1974–77ರ 2.7. ಹಳೆಯ 2 ಲೀಟರಿನ ವಿನ್ಯಾಸವನ್ನು ಹಿಗ್ಗಿಸಿ ಹಿಗ್ಗಿಸಿ ಇಲ್ಲಿಗೆ ತಂದಿದ್ದರು. ಕ್ರ್ಯಾಂಕ್‌ಕೇಸ್ ಮೆಗ್ನೀಷಿಯಂ. ಬಿಸಿ ಹೆಚ್ಚಾದಂತೆ ಹೆಡ್ ಸ್ಟಡ್‌ಗಳು ಕೇಸಿನ ಮರೆ (ಥ್ರೆಡ್) ಕಿತ್ತುಕೊಂಡು ಮೇಲೆದ್ದು ಬರುತ್ತವೆ. ಎಕ್ಸಾಸ್ಟ್‌ಗೆ ಥರ್ಮಲ್ ರಿಯಾಕ್ಟರ್ (ಹೊಗೆಯಲ್ಲಿ ಉಳಿದ ಇಂಧನವನ್ನು ಸುಡುವ ಡಬ್ಬಿ) ಹಾಕಿದ ಅಮೆರಿಕದ ಗಾಡಿಗಳಲ್ಲಿ ಇದು ಇನ್ನೂ ಹೆಚ್ಚು. ಕೇಸಿಗೆ ಉಕ್ಕಿನ ಥ್ರೆಡ್ ಇನ್ಸರ್ಟ್ ಕೂರಿಸಿದ ದಾಖಲೆ ಇದೆಯೇ ಕೇಳಿ. 1978ರ 911 ಎಸ್‌ಸಿಯ 3 ಲೀಟರಿಗೆ ಅಲ್ಯೂಮಿನಿಯಂ ಕೇಸ್ ಬಂತು, ಆ ಕಾಯಿಲೆ ಹೋಯಿತು.

ದೊಡ್ಡದೇ ಗಟ್ಟಿ ಅನ್ನುವುದು ಎಲ್ಲಿ ಸುಳ್ಳಾಗುತ್ತದೆ?

ಎಂಜಿ ಮಿಡ್ಜೆಟ್‌ನಲ್ಲಿ. 1275 ಸಿಸಿಯ ಎ-ಸೀರೀಸ್ ಬಿಟ್ಟು 1974ರ ಕೊನೆಯಲ್ಲಿ ಟ್ರಯಂಫ್‌ನ 1493 ಸಿಸಿ ಎಂಜಿನ್ ಹಾಕಿದರು. ಸ್ಟ್ರೋಕ್ 87.5 ಮಿ.ಮೀ., ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ದಬ್ಬಿದರೆ ಬೇರಿಂಗ್ ದೂರು ಹೇಳುತ್ತದೆ. ಮೇಲಕ್ಕೆ ಸುತ್ತುವ ಹುಮ್ಮಸ್ಸೂ 1275ಕ್ಕೆ ಹೆಚ್ಚು.

ಹೆದ್ದಾರಿಯಲ್ಲಿ 100ರಲ್ಲಿ ಹೋಗುವಾಗ ಚಿಕ್ಕ ಎಂಜಿನ್ ಅರಚಾಟ ತಡೆಯಲಾಗದು. ಏನು ಮಾಡಲಿ?

ಎಂಜಿನ್ ಬದಲಿಸುವ ಮೊದಲು ಗೇರಿಂಗ್ ನೋಡಿ. ಎಂಜಿಬಿಯ ಫೈನಲ್ ಡ್ರೈವ್ (ಹಿಂದಿನ ಆಕ್ಸಲ್‌ನ ಗೇರ್ ಅನುಪಾತ) 3.909. ಟೈರ್ ಒಂದು ಸುತ್ತಿಗೆ ಸುಮಾರು 1.88 ಮೀಟರ್ ಉರುಳುತ್ತದೆ ಅಂದುಕೊಂಡರೆ ಟಾಪ್ ಗೇರಿನಲ್ಲಿ 100 ಕಿ.ಮೀ. ವೇಗಕ್ಕೆ 3460 ಆರ್‌ಪಿಎಂ. ವಿ8 ಗಾಡಿಯ 3.07 ಫೈನಲ್ ಡ್ರೈವಿಗೆ 2720. ಚಿಕ್ಕ ಎಂಜಿನ್ನಿಗೇ 0.82 ಓವರ್‌ಡ್ರೈವ್ (ಟಾಪ್ ಗೇರಿನ ಮೇಲೆ ಸ್ವಿಚ್ಚಿನಿಂದ ಹಾಕುವ ಹೆಚ್ಚುವರಿ ಗೇರ್) ಇದ್ದರೆ 2840. ವಿ8ರ ಓವರ್‌ಡ್ರೈವ್ ಲೆಕ್ಕಕ್ಕೆ ಹಿಡಿಯದಿದ್ದರೆ ಎರಡಕ್ಕೂ ಇರುವ ಅಂತರ 120 ಆರ್‌ಪಿಎಂ ಮಾತ್ರ. ಹೆದ್ದಾರಿಯ ನೆಮ್ಮದಿಗೆ ಅಂತ ವಿ8 ಹುಡುಕುವವರು ಒಮ್ಮೆ ಓವರ್‌ಡ್ರೈವ್ ಇರುವ ನಾಲ್ಕು ಸಿಲಿಂಡರ್ ಗಾಡಿ ಓಡಿಸಿ ನೋಡುವುದು ಒಳ್ಳೆಯದು.

ಚಿಕ್ಕ ಎಂಜಿನ್ನಿಗೆ 3.07 ಫೈನಲ್ ಡ್ರೈವ್ ಹಾಕಿಬಿಟ್ಟರೆ? ಏರಿನಲ್ಲಿ ಮೂರನೇ ಗೇರಿಗೂ ಉಸಿರು ಕಟ್ಟುತ್ತದೆ, ಫಸ್ಟ್ ಗೇರಿನಲ್ಲಿ ಹೊರಡುವಾಗ ಕ್ಲಚ್ ಸುಡುತ್ತದೆ. ಓವರ್‌ಡ್ರೈವ್ ಬೇಡದಾಗ ಆಫ್ ಮಾಡಬಹುದು, ಫೈನಲ್ ಡ್ರೈವನ್ನು ಆಫ್ ಮಾಡಲಾಗದು.

ದೊಡ್ಡ ಎಂಜಿನ್ ಹೀಟ್ ಆಗುವುದು ಏಕೆ?

ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಕೂಲೆಂಟಿಗೆ ಹೋಗುತ್ತದೆ. ಶಕ್ತಿ ಎರಡರಷ್ಟಾದರೆ ಪೂರ್ತಿ ಲೋಡಿನಲ್ಲಿ ರೇಡಿಯೇಟರ್ ಹೊರಹಾಕಬೇಕಾದ ಬಿಸಿಯೂ ಹೆಚ್ಚುಕಡಿಮೆ ಎರಡರಷ್ಟು, ಆದರೆ ಗ್ರಿಲ್ಲಿನ ಬಾಯಿ ಮಾತ್ರ ಹಳೆಯದೇ. ಸನ್‌ಬೀಮ್ ಆಲ್ಪೈನ್ ಬಾಡಿಗೆ ಫೋರ್ಡ್ 4.2 ಲೀಟರ್ ವಿ8 ಹಾಕಿದ ಟೈಗರ್ ಇದಕ್ಕೆ ಹೆಸರುವಾಸಿ. ಜಾಗ ಎಷ್ಟು ಇಕ್ಕಟ್ಟು ಅಂದರೆ ಎಡಸಾಲಿನ ಕೊನೆಯ ಪ್ಲಗ್ ಬಿಚ್ಚಲು ಕ್ಯಾಬಿನ್ನಿನ ಒಳಗಿನಿಂದ, ಬಲ್ಕ್‌ಹೆಡ್‌ನ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ರಬ್ಬರ್ ಬಿರಡೆ ತೆಗೆದು ಕೈಹಾಕಬೇಕು.

ನಿಂತಾಗ ಮಾತ್ರ ಹೀಟ್ ಆದರೆ ಫ್ಯಾನ್, ಅದರ ಕವಚ ನೋಡಿ. ಓಡುವಾಗ ಆದರೆ ರೇಡಿಯೇಟರ್ ಕಟ್ಟಿದೆ, ಅಥವಾ ಅದರ ಅಕ್ಕಪಕ್ಕದ ಸಂದಿಯಲ್ಲಿ ಗಾಳಿ ನುಸುಳಿ ಹೋಗುತ್ತಿದೆ. ಆ ಸಂದಿಗಳನ್ನು ಫೋಮ್ ಪಟ್ಟಿಯಿಂದ ಮುಚ್ಚುವುದು ಎಲ್ಲಕ್ಕಿಂತ ಅಗ್ಗದ ರಿಪೇರಿ, ಜನ ಕೊನೆಗೆ ಮಾಡುವುದೂ ಅದನ್ನೇ. ಥರ್ಮೋಸ್ಟಾಟ್ ಕಿತ್ತು ಎಸೆಯಬೇಡಿ. ಹಲವು ಎಂಜಿನ್‌ಗಳಲ್ಲಿ ಅದು ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ತೆಗೆದರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ತಿರುಗಿ ಬರುತ್ತದೆ.

ಕೊಳ್ಳುವ ಮೊದಲು ಎಂಜಿನ್ ಹೇಗೆ ಪರೀಕ್ಷಿಸಬೇಕು?

ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ನೀವು ಹೋಗುವ ಹೊತ್ತಿಗೆ ಎಂಜಿನ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಆಮೇಲೆ ಚೆನ್ನಾಗಿ ಬಿಸಿಮಾಡಿ ಕಂಪ್ರೆಷನ್ ಟೆಸ್ಟ್. ಎಲ್ಲ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲ್ ವೈರ್ ಕಳಚಿ, ಥ್ರಾಟಲ್ ಪೂರ್ತಿ ತೆರೆದು ಹಿಡಿದು, ಪ್ರತಿ ಸಿಲಿಂಡರಿಗೆ ಐದಾರು ಸುತ್ತು ಸ್ಟಾರ್ಟರ್ ಓಡಿಸಿ. ಥ್ರಾಟಲ್ ಮುಚ್ಚಿಕೊಂಡಿದ್ದರೆ ಒಳ್ಳೆಯ ಎಂಜಿನ್ನೂ ಕೆಟ್ಟದ್ದರಂತೆ ಕಾಣುತ್ತದೆ. ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಪಕ್ಕಪಕ್ಕದ ಎರಡೂ ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಟ್ರಯಂಫ್‌ನ ಆರು ಸಿಲಿಂಡರಿಗೆ, ಅಂದರೆ ಟಿಆರ್5, ಟಿಆರ್6, ಜಿಟಿ6ಕ್ಕೆ, ಇನ್ನೊಂದು ಪರೀಕ್ಷೆ ಕಡ್ಡಾಯ. ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ಹಿಡಿಯುವುದು ಹಿಂಬದಿಯ ಮೇನ್ ಬೇರಿಂಗ್ ಬಳಿಯ ಎರಡು ಅರ್ಧಚಂದ್ರ ಥ್ರಸ್ಟ್ ವಾಷರ್‌ಗಳು. ಎಂಜಿನ್ ನಿಲ್ಲಿಸಿ, ಒಬ್ಬರು ಕ್ಲಚ್ ತುಳಿದು ಬಿಡಲಿ, ನೀವು ಮುಂದಿನ ಪುಲ್ಲಿಯನ್ನು ನೋಡಿ. ಕಣ್ಣಿಗೆ ಕಾಣುವಷ್ಟು ಸರಿದರೆ ಡಯಲ್ ಗೇಜ್ ಇಟ್ಟು ಅಳೆಯಿರಿ. ಇರಬೇಕಾದದ್ದು 0.15ರಿಂದ 0.20 ಮಿ.ಮೀ. ಅದನ್ನು ಮೀರಿದ್ದರೆ, ವಾಷರ್ ಇನ್ನೂ ಜಾಗದಲ್ಲಿದ್ದಾಗಲೇ, ಸಂಪ್ (ಎಂಜಿನ್ ಅಡಿಯ ಎಣ್ಣೆ ತೊಟ್ಟಿ) ಇಳಿಸಿ ಕೆಳಗಿನಿಂದ ಓವರ್‌ಸೈಜ್ ವಾಷರ್ ಹಾಕಬಹುದು. ಸಂಪಿಗೆ ಉದುರಿದ ಮೇಲೆ ಕ್ರ್ಯಾಂಕ್ ಬ್ಲಾಕನ್ನೇ ತಿನ್ನುತ್ತದೆ. ಸಿಗ್ನಲ್ಲಿನಲ್ಲಿ ಕ್ಲಚ್ ತುಳಿದುಕೊಂಡೇ ನಿಲ್ಲುವ ಅಭ್ಯಾಸ ಈ ಗಾಡಿಗಳಿಗೆ ವಿಷ. ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ.

ಚಿಕ್ಕ ಎಂಜಿನ್ನನ್ನೇ ಬೋರ್ ಮಾಡಿಸಿ ದೊಡ್ಡದು ಮಾಡಿದರೆ?

ಒಳ್ಳೆಯ ನಡುದಾರಿ, ಗೋಡೆ ದಪ್ಪ ಇದ್ದರೆ. ಎಂಜಿಬಿಯ 80.26 ಮಿ.ಮೀ. ಬೋರನ್ನು ಸುಮಾರು 83.6ಕ್ಕೆ ತಂದರೆ 1950 ಸಿಸಿ, ಶೇ. 8ರಷ್ಟು ಲಾಭ. ಲೇತಿಗೆ ಕೊಡುವ ಮೊದಲೇ ಅಲ್ಟ್ರಾಸಾನಿಕ್ ಗೇಜಿನಿಂದ ಗೋಡೆ ದಪ್ಪ ಅಳೆಸಿ. ಎರಕ ಹೊಯ್ಯುವಾಗ ಕೋರ್ ಸರಿದು ಒಂದು ಪಕ್ಕ ತೆಳುವಾಗಿರುವ ಬ್ಲಾಕ್‌ಗಳಿವೆ. ದಹನಕೋಣೆ ಮತ್ತು ಪಿಸ್ಟನ್ ತಲೆಯ ಆಕಾರ ಹಳೆಯದೇ ಇದ್ದರೆ 8.8 ಇದ್ದ ಕಂಪ್ರೆಷನ್ ಅನುಪಾತ ಸುಮಾರು 9.5 ಆಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಆಗ ಇಗ್ನಿಷನ್ ಟೈಮಿಂಗ್ ಮತ್ತೆ ಹೊಂದಿಸಬೇಕು, ಎಸ್‌ಯು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ನೀಡಲ್ ಬದಲಿಸಬೇಕು. ಹಳೆಯ ನೀಡಲ್ಲೇ ಬಿಟ್ಟರೆ ಮಿಶ್ರಣ ತೆಳುವಾಗಿ ನಾಕಿಂಗ್ ಶುರುವಾಗುತ್ತದೆ, ಆಮೇಲೆ ಪಿಸ್ಟನ್ ತೂತಾಗುತ್ತದೆ.

ವೆಟ್ ಲೈನರ್ ಎಂಜಿನ್‌ಗಳಲ್ಲಿ, ಅಂದರೆ ಸಿಲಿಂಡರಿನ ಗೋಡೆ ಬಿಡಿ ಕೊಳವೆಯಾಗಿದ್ದು ಅದರ ಸುತ್ತ ಕೂಲೆಂಟ್ ಹರಿಯುವ ಎಂಜಿನ್‌ಗಳಲ್ಲಿ, ಕೆಲಸ ಸುಲಭ, ಲೈನರ್ ಎತ್ತಿ ಹೊಸದು ಕೂರಿಸಿದರಾಯಿತು. ಟ್ರಯಂಫ್ ಟಿಆರ್4ರಲ್ಲಿ ಲೈನರ್ ಬ್ಲಾಕಿನ ಮುಖಕ್ಕಿಂತ 0.08ರಿಂದ 0.13 ಮಿ.ಮೀ. ಮೇಲೆ ನಿಲ್ಲಬೇಕು. ತಗ್ಗಿದರೆ ಹೆಡ್ ಗ್ಯಾಸ್ಕೆಟ್ ಉಳಿಯುವುದಿಲ್ಲ. ಹೆಡ್ ಬಿಚ್ಚಿದ ಮೇಲೆ ಲೈನರ್‌ಗಳನ್ನು ಕ್ಲಾಂಪ್ ಹಾಕಿ ಹಿಡಿಯದೆ ಕ್ರ್ಯಾಂಕ್ ತಿರುಗಿಸಿದರೆ ಕೆಳಗಿನ ಗ್ಯಾಸ್ಕೆಟ್ ಸಡಿಲವಾಗಿ ಎಣ್ಣೆಗೆ ನೀರು ಸೇರುತ್ತದೆ.

ಪೂರ್ತಿ ಎಂಜಿನ್ ಬದಲಿಸುವುದಾದರೆ ಇನ್ನೇನೇನು ಬದಲಿಸಬೇಕು?

ಮೊದಲು ಬ್ರೇಕ್, ಕೊನೆಗೆ ಎಂಜಿನ್. ನಡುವೆ ಸ್ಪ್ರಿಂಗ್, ರೇಡಿಯೇಟರ್, ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಾಫ್‌ಶಾಫ್ಟ್. ಹೆಚ್ಚಿದ ಟಾರ್ಕ್ ಈ ಸರಪಳಿಯಲ್ಲಿ ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ, ಸಾಮಾನ್ಯವಾಗಿ ಗೇರ್‌ಬಾಕ್ಸಿನಲ್ಲಿ. ಕೆಲಸ ಶುರುಮಾಡುವ ಮುಂಚೆ ಮುಂದಿನ, ಹಿಂದಿನ ಆಕ್ಸಲ್ ತೂಕವನ್ನು ಬೇರೆಬೇರೆ ತೂಗಿಸಿ ಬರೆದಿಡಿ, ಮುಗಿದ ಮೇಲೆ ಮತ್ತೆ ತೂಗಿಸಿ. ನೋಂದಣಿ ದಾಖಲೆಯಲ್ಲಿ ಎಂಜಿನ್ ನಂಬರ್ ಬದಲಾಗಬೇಕು, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಬೇಕು. ಬಿಚ್ಚಿದ ಮೂಲ ಎಂಜಿನ್ನನ್ನು ಮಾರಬೇಡಿ. ಎಣ್ಣೆ ಹಾಕಿ, ಸುತ್ತಿ, ಮೂಲೆಯಲ್ಲಿಡಿ.

ಲೆಡ್ ಇಲ್ಲದ ಪೆಟ್ರೋಲಿಗೆ ಯಾವುದು ತಡೆಯುತ್ತದೆ?

ಇಲ್ಲಿ ಸಿಸಿಗಿಂತ ಹೆಡ್ ಯಾವ ಲೋಹದ್ದು ಅನ್ನುವುದು ಮುಖ್ಯ. ಜಾಗ್ವಾರ್ ಎಕ್ಸ್‌ಕೆ, ರೋವರ್ ವಿ8, ಅಲ್ಫಾ ಟ್ವಿನ್‌ಕ್ಯಾಮ್ ಇವುಗಳದ್ದು ಅಲ್ಯೂಮಿನಿಯಂ ಹೆಡ್, ವಾಲ್ವ್ ಸೀಟ್ ಪ್ರತ್ಯೇಕವಾಗಿ ಕೂರಿಸಿದ್ದು, ಹಾಗಾಗಿ ಇವು ತಡೆಯುತ್ತವೆ. ಎಂಜಿಬಿಯಂಥ ಕಬ್ಬಿಣದ ಹೆಡ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟು ನಿಧಾನಕ್ಕೆ ಒಳಗಿಳಿಯುತ್ತದೆ, ಹೆಚ್ಚು ಆರ್‌ಪಿಎಂನಲ್ಲಿ ಬಹಳ ಹೊತ್ತು ಓಡಿದಷ್ಟೂ ಬೇಗ. ಟ್ಯಾಪೆಟ್ ಕ್ಲಿಯರೆನ್ಸ್ ಪದೇ ಪದೇ ಕಡಿಮೆಯಾಗುವುದೇ ಅದರ ಸುಳಿವು. ಬೇರೆ ಕೆಲಸಕ್ಕೆ ಇಂಥ ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಇನ್ಸರ್ಟ್ ಹಾಕಿಸಿಬಿಡಿ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಹೋಸ್ ಎಲ್ಲ ಗಾಡಿಗಳಲ್ಲೂ ಬದಲಾಗಬೇಕು.

ತೆರಿಗೆ ಉಳಿಸಲು ಮಾಡಿದ ಚಿಕ್ಕ ಎಂಜಿನ್ ಗಾಡಿಗಳು ಹೇಗೆ?

ಇಟಲಿಯಲ್ಲಿ 2 ಲೀಟರ್ ಮೀರಿದ ಹೊಸ ಗಾಡಿಗೆ ಒಂದು ಕಾಲದಲ್ಲಿ ಶೇ. 38 ವ್ಯಾಟ್ ಇತ್ತು. ಅದಕ್ಕೆಂದೇ ಫೆರಾರಿ 308ರ ವಿ8 ಎಂಜಿನ್ನನ್ನು 1991 ಸಿಸಿಗೆ ಕುಗ್ಗಿಸಿ 208 ಮಾಡಿತು. ಅಶ್ವಶಕ್ತಿ 155. ಬಾಡಿಯ ತೂಕ ಇಳಿಯಲಿಲ್ಲ, ಎಂಜಿನ್ ಮಾತ್ರ ಇಳಿಯಿತು. 1982ರಲ್ಲಿ ಟರ್ಬೊ ಹಾಕಿದ್ದು ಸುಮ್ಮನೆ ಅಲ್ಲ. ಜಪಾನಿನಲ್ಲೇ ಮಾರಿದ 2 ಲೀಟರಿನ ನಿಸ್ಸಾನ್ ಫೇರ್‌ಲೇಡಿ ಝಡ್ ಹುಟ್ಟಿದ್ದೂ ತೆರಿಗೆಯ ಗೆರೆಗಾಗಿಯೇ, ಹೊರದೇಶಗಳಿಗೆ ಹೋದ 240 ಝಡ್‌ನದ್ದು 2393 ಸಿಸಿ. ಸಂಗ್ರಹಕ್ಕೆ ಇವು ಕುತೂಹಲದ ಗಾಡಿಗಳು, ಓಡಿಸುವ ಖುಷಿಗೆ ಇವನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಬ್ಯಾಡ್ಜಿನಲ್ಲಿರುವ ಎಂಜಿನ್ನೇ ಒಳಗಿದೆ ಅಂತ ಹೇಗೆ ಖಚಿತಪಡಿಸಿಕೊಳ್ಳುವುದು?

ಬ್ಯಾಡ್ಜನ್ನು ಎರಡು ಸ್ಕ್ರೂನಲ್ಲಿ ಬದಲಿಸಬಹುದು. ಎಸಿ ಕೋಬ್ರಾ 427ರ ಕೆಲವು ರಸ್ತೆ ಗಾಡಿಗಳಿಗೆ ಕಾರ್ಖಾನೆಯಿಂದಲೇ ಫೋರ್ಡ್ 428 ಎಂಜಿನ್ ಹಾಕಿದ್ದರು. ಅಳತೆ ಒಂದು ಘನ ಇಂಚು ಹೆಚ್ಚು, ಆದರೆ 427 ರೇಸಿಗೆಂದು ಮಾಡಿದ ಬ್ಲಾಕ್, ಮೇನ್ ಬೇರಿಂಗ್ ಕ್ಯಾಪ್‌ಗಳಿಗೆ ಅಡ್ಡ ಬೋಲ್ಟ್ ಬೇರೆ. 428 ದೊಡ್ಡ ಕುಟುಂಬದ ಕಾರುಗಳದ್ದು. ಬೆಲೆಯಲ್ಲಿ ಅಜಗಜಾಂತರ.

ಕಾರ್ವೆಟ್‌ನಲ್ಲಿ ಸ್ಮಾಲ್ ಬ್ಲಾಕೋ ಬಿಗ್ ಬ್ಲಾಕೋ (ಚಿಕ್ಕ ವಿ8 ಕುಟುಂಬದ್ದೋ ದೊಡ್ಡ ವಿ8 ಕುಟುಂಬದ್ದೋ) ಅನ್ನುವುದಕ್ಕೆ ಎಂಜಿನ್ನಿನ ಬಲ ಹೆಡ್ ಮುಂದಿನ ಚಪ್ಪಟೆ ಜಾಗದಲ್ಲಿ ಒತ್ತಿದ ಸಂಖ್ಯೆ ಓದಿ. ಕೊನೆಯ ಅಕ್ಷರಗಳು ಎಂಜಿನ್ ಯಾವುದೆಂದು ಹೇಳುತ್ತವೆ. ಅಲ್ಲೇ ಇರುವ ಗಾಡಿಯ ಕ್ರಮಸಂಖ್ಯೆ ಚಾಸಿ ನಂಬರಿನ ಕೊನೆಯ ಅಂಕಿಗಳಿಗೆ ತಾಳೆಯಾಗಬೇಕು. ಬ್ಲಾಕಿನ ಮೇಲ್ಮೈಯಲ್ಲಿ ಕಾರ್ಖಾನೆಯ ಯಂತ್ರ ಎಳೆದ ಸಣ್ಣ ಸಮಾನಾಂತರ ಗೆರೆಗಳಿರುತ್ತವೆ. ಸಂಖ್ಯೆಯ ಸುತ್ತ ಮಾತ್ರ ಅವು ಅಳಿಸಿಹೋಗಿ ನುಣುಪಾಗಿದ್ದರೆ ಯಾರೋ ಹಳೆಯದನ್ನು ಉಜ್ಜಿ ಹೊಸದು ಒತ್ತಿದ್ದಾರೆ ಅನ್ನುವ ಅನುಮಾನ ಇಟ್ಟುಕೊಳ್ಳಿ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ನೇರ ಬೆಳಕಿನಲ್ಲಿ ಈ ಗೆರೆಗಳು ಕಾಣಿಸುವುದಿಲ್ಲ.